ಗುಂಡಿಗೂ ನಳಿಗೆಗೂ ನಡುವೆ ಒಂದೂವರೆ ಮಿಲಿಮೀಟರ್: ಬಾಯಿಂದ ತುಂಬುವ ಕೋವಿಗೆ ಈಡು ತುಂಬುತ್ತಿದ್ದದ್ದು ಹೇಗೆ?

ಚುನಾವಣೆ ದಿನಾಂಕ ಘೋಷಣೆಯಾದ ಬೆನ್ನಲ್ಲೇ ಮಲೆನಾಡು, ಕರಾವಳಿ ಕಡೆಯಿಂದ ಒಂದು ಸುದ್ದಿ ತಪ್ಪದೇ ಬರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಒಂದು ಕಡೆ. ಕಾಡುಹಂದಿ, ಮಂಗಗಳ ಕಾಟ ಹೇಳಿಕೊಂಡು ವಿನಾಯಿತಿ ಕೇಳುವ ರೈತರ ಮನವಿ ಇನ್ನೊಂದು ಕಡೆ. ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ ಸೇರಿದ ಎಷ್ಟೋ ಮಂದಿಗೆ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಅಜ್ಜನ ಕೋವಿ ನೆನಪಾಗುವುದು ಇಂಥ ಸುದ್ದಿ ಓದಿದಾಗಲೇ.

ಇಂಥ ಕೋವಿಗಳ ಪರವಾನಗಿ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂಬ ನಾಲ್ಕು ಅಕ್ಷರ ಕಾಣಬಹುದು. ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್ ಎನ್ನುವುದರ ಕಿರುರೂಪ ಅದು. ಅಂದರೆ ಒಂದೇ ನಳಿಗೆಯ, ಬಾಯಿಂದ ತುಂಬುವ ಕೋವಿ. ನಳಿಗೆಯನ್ನು ಹಿಂದಿನಿಂದ ತೆರೆದು ತೋಟಾ ಇಡುವ ಕೋವಿಯಾದರೆ ‘ಎಸ್‌ಬಿಬಿಎಲ್’. ಮಲೆನಾಡಿನವರು ಇವೆರಡನ್ನು ಕೇಪಿನ ಕೋವಿ, ತೋಟೆ ಕೋವಿ ಎಂದು ಸುಲಭವಾಗಿ ಬೇರೆ ಮಾಡುತ್ತಾರೆ.

ಬಾಯಿಂದ ತುಂಬುವುದು ಎಂದರೆ ಏನು? ಮೇಲಿನಿಂದ ಮದ್ದು ಸುರಿದು ಗುಂಡು ಹಾಕಿದರೆ ಮುಗಿಯಿತಲ್ಲ ಎನಿಸಬಹುದು. ಆದರೆ ಸುಮಾರು 300 ವರ್ಷ ಜಗತ್ತಿನ ಸೇನೆಗಳು ತಲೆಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಗುಂಡು ಎಷ್ಟು ದೊಡ್ಡದಿರಬೇಕು, ಅದರ ಸುತ್ತ ಏನು ಸುತ್ತಬೇಕು, ಎಷ್ಟು ಗಟ್ಟಿಯಾಗಿ ಒತ್ತಬೇಕು ಎನ್ನುವುದರ ಮೇಲೆ ಯುದ್ಧಗಳ ರೀತಿಯೇ ನಿಂತಿತ್ತು. ನಮ್ಮ ದೇಶದ 1857ರ ದಂಗೆಯ ಕಿಡಿಯೂ ಅಲ್ಲಿಂದಲೇ ಹಾರಿತು. ಇದು ಕೋವಿ ತುಂಬಲು ಕಲಿಸುವ ಪಾಠವಲ್ಲ. ಆ ಒಂದು ಕೆಲಸದ ಹಿಂದಿನ ಲೆಕ್ಕಾಚಾರ ಏನಿತ್ತು ಎಂಬುದರ ವಿವರ.

ಏನಿದು ನುಣುಪು ನಳಿಗೆ?

ಇಂದಿನ ರೈಫಲ್‌ಗಳ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಹಿಡಿದುಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುತ್ತದೆ. ಹಾಗೆ ತಿರುಗುವುದರಿಂದಲೇ ಅದು ನೇರವಾಗಿ ಹೋಗುತ್ತದೆ. ಆದರೆ 16ನೇ ಶತಮಾನದಿಂದ 19ನೇ ಶತಮಾನದ ನಡುವಿನವರೆಗೆ ಸಾಮಾನ್ಯ ಸೈನಿಕರ ಕೈಯಲ್ಲಿದ್ದ ಕೋವಿಗಳಲ್ಲಿ ಈ ಗೀರುಗಳಿರಲಿಲ್ಲ. ನಳಿಗೆಯ ಒಳಗೋಡೆ ನೀರಿನ ಪೈಪಿನಂತೆ ನುಣುಪು. ಅದರೊಳಗೆ ಹೋಗುತ್ತಿದ್ದದ್ದು ಸೀಸದ ದುಂಡನೆಯ ಗುಂಡು.

ಇದಕ್ಕೆ ಅತ್ಯಂತ ಹೆಸರಾದ ಉದಾಹರಣೆ ಬ್ರಿಟಿಷ್ ಸೇನೆಯ ‘ಬ್ರೌನ್ ಬೆಸ್’ ಮಸ್ಕೆಟ್. ಅದು ಒಂದೇ ಕೋವಿಯಲ್ಲ, 18ನೇ ಶತಮಾನದ ಮೊದಲರ್ಧದಿಂದ ನೂರಕ್ಕೂ ಹೆಚ್ಚು ವರ್ಷ ಬಳಕೆಯಲ್ಲಿದ್ದ ಒಂದು ಕುಟುಂಬ. ಮೊದಲ ಮಾದರಿಯ ನಳಿಗೆ 46 ಇಂಚು ಉದ್ದವಿತ್ತು, ನಂತರದ್ದು 42 ಇಂಚು. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿದ್ದ ತನ್ನ ಪಡೆಗಳಿಗೆಂದು 39 ಇಂಚು ನಳಿಗೆಯ, ಸರಳವಾದ ಮಾದರಿಯೊಂದನ್ನು ಮಾಡಿಸುತ್ತಿತ್ತು. 1790ರ ದಶಕದಲ್ಲಿ ಫ್ರಾನ್ಸ್ ವಿರುದ್ಧ ಯುದ್ಧ ಶುರುವಾಗಿ ಕೋವಿಗಳಿಗೆ ಕೊರತೆಯಾದಾಗ ಬ್ರಿಟನ್ ಸರ್ಕಾರ ಕಂಪನಿಯಿಂದ ಅವನ್ನೇ ಖರೀದಿಸಿತು. ಅದಕ್ಕೆ ‘ಇಂಡಿಯಾ ಪ್ಯಾಟರ್ನ್’ ಎಂದೇ ಹೆಸರು. 1815ರಲ್ಲಿ ವಾಟರ್ಲೂ ಕದನದಲ್ಲಿ ಬ್ರಿಟಿಷ್ ಕಾಲಾಳುಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಭಾರತಕ್ಕೆಂದು ರೂಪುಗೊಂಡ ಈ ಕೋವಿ.

ಇತ್ತ ಮೈಸೂರಿನಲ್ಲೂ ಚಕಮಕಿ ಕಲ್ಲಿನ ಕೋವಿಗಳು ತಯಾರಾಗುತ್ತಿದ್ದವು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಯ ಚಿತ್ತಾರವಿರುವ ಕೋವಿಗಳು ಇಂದಿಗೂ ವಿದೇಶದ ಸಂಗ್ರಹಗಳಲ್ಲಿವೆ. ಅಂದರೆ ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಕೋಟೆಯ ಒಳಗಿದ್ದವರೂ ಹೊರಗಿದ್ದವರೂ ಬಾಯಿಂದಲೇ ಕೋವಿ ತುಂಬುತ್ತಿದ್ದರು.

ಗುಂಡು ನಳಿಗೆಗಿಂತ ಸಣ್ಣದೇಕೆ?

ಬ್ರೌನ್ ಬೆಸ್ ನಳಿಗೆಯ ಒಳ ಅಗಲ ಸುಮಾರು 0.75 ಇಂಚು, ಅಂದರೆ 19 ಮಿಲಿಮೀಟರ್. ಅದಕ್ಕೆ ಹಾಕುತ್ತಿದ್ದ ಗುಂಡಿನ ಅಗಲ ಸುಮಾರು 0.69 ಇಂಚು, ಅಂದರೆ 17.5 ಮಿಲಿಮೀಟರ್. ತೂಕ 30 ಗ್ರಾಂಗಿಂತ ತುಸು ಹೆಚ್ಚು. ಗುಂಡಿಗೂ ನಳಿಗೆಗೂ ನಡುವೆ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಈ ಸಂದಿಗೆ ‘ವಿಂಡೇಜ್’ ಎಂದು ಹೆಸರು. ಫ್ರೆಂಚ್ ಸೇನೆಯ ಮಸ್ಕೆಟ್‌ನ ನಳಿಗೆ 0.69 ಇಂಚಿನದು, ಅದರ ಗುಂಡೂ ಅದಕ್ಕಿಂತ ಅಷ್ಟಿಷ್ಟು ಸಣ್ಣದೇ.

ಇದು ಕಮ್ಮಾರನ ತಪ್ಪಲ್ಲ, ಬೇಕೆಂದೇ ಬಿಟ್ಟ ಜಾಗ. ಕಾರಣ, ಕಪ್ಪು ಮದ್ದು ಉರಿದಾಗ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನ ಕಣಗಳಾಗಿ ಉಳಿಯುತ್ತದೆ. ಅದರಲ್ಲಿ ಕೆಲವು ದಟ್ಟ ಹೊಗೆಯಾಗಿ ಹೊರಬಿದ್ದರೆ ಉಳಿದದ್ದು ನಳಿಗೆಯ ಗೋಡೆಗೆ ಮಸಿಯಾಗಿ ಅಂಟಿಕೊಳ್ಳುತ್ತದೆ. ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದಲ್ಲ, ಹಾಗೆ. ಹತ್ತಾರು ಈಡು ಹೊಡೆದ ಮೇಲೆ ಈ ಪದರ ದಪ್ಪವಾಗಿ ನಳಿಗೆ ಕಿರಿದಾಗುತ್ತಾ ಬರುತ್ತದೆ. ಒಣ ಹವೆಯಲ್ಲಿ ಅದು ಗಟ್ಟಿಯಾಗಿ ಹೊಪ್ಪಳೆಗಟ್ಟುತ್ತದೆ. ತೇವದ ಹವೆಯಲ್ಲಿ ನೀರು ಹೀರಿಕೊಂಡು ಜಿಗುಟಾಗುತ್ತದೆ.

ಗುಂಡು ನಳಿಗೆಗೆ ಸರಿಯಾಗಿ ಕೂರುವಷ್ಟು ದೊಡ್ಡದಿದ್ದರೆ ಮೊದಲ ಕೆಲವು ಈಡುಗಳು ಚೆನ್ನಾಗಿಯೇ ಹೋಗುತ್ತವೆ. ಆಮೇಲೆ ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎದುರಿನಿಂದ ಶತ್ರು ಓಡಿಬರುತ್ತಿರುವಾಗ ಸೈನಿಕನ ಕೈಯಲ್ಲಿ ಉಳಿಯುವುದು ಒಂದು ಉದ್ದನೆಯ ಕಬ್ಬಿಣದ ಕೋಲು ಮಾತ್ರ. ಹಾಗಾಗಿ ಸೇನೆಗಳು ಸಂದು ಬಿಟ್ಟವು. ಗುರಿ ತಪ್ಪಿದರೂ ಪರವಾಗಿಲ್ಲ, ಕೋವಿ ನಿಲ್ಲಬಾರದು ಎಂಬುದು ಲೆಕ್ಕ.

ಆ ಸಂದಿಗೆ ತೆತ್ತ ಬೆಲೆ

ಒಂದೂವರೆ ಮಿಲಿಮೀಟರ್ ಎಂದರೆ ಸಣ್ಣದೆನಿಸುತ್ತದೆ. ಆದರೆ ನಳಿಗೆಯ ಒಟ್ಟು ಬಾಯಿಯ ವಿಸ್ತೀರ್ಣದಲ್ಲಿ ಲೆಕ್ಕ ಹಾಕಿದರೆ ಸುಮಾರು ಶೇ 15ರಷ್ಟು ಜಾಗ ತೆರೆದೇ ಇರುತ್ತದೆ. ಮದ್ದು ಸಿಡಿದಾಗ ಹುಟ್ಟುವ ಅನಿಲದ ಒಂದು ಪಾಲು ಗುಂಡನ್ನು ತಳ್ಳುವ ಬದಲು ಅದರ ಪಕ್ಕದಿಂದ ನುಸುಳಿ ಹೋಗುತ್ತದೆ. ಮುಚ್ಚಳ ಸರಿಯಾಗಿ ಕೂರದ ಕುಕ್ಕರ್‌ನಿಂದ ಆವಿ ಸೋರುವ ಹಾಗೆ. ಆ ಮಟ್ಟಿಗೆ ಗುಂಡಿನ ವೇಗ ಕಡಿಮೆಯಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಗುರಿಯದ್ದು. ಸಡಿಲವಾದ ಗುಂಡು ನಳಿಗೆಯೊಳಗೆ ಆ ಗೋಡೆಗೂ ಈ ಗೋಡೆಗೂ ತಾಗುತ್ತಾ ಹೊರಗೆ ಬರುತ್ತದೆ. ಕೊನೆಯದಾಗಿ ಯಾವ ಗೋಡೆಗೆ ತಾಗಿತೋ ಅದರ ಮೇಲೆ ಅದು ಹೊರಡುವ ದಿಕ್ಕು ನಿಂತಿರುತ್ತದೆ. ಜೊತೆಗೆ ಗೋಡೆಗೆ ಉಜ್ಜಿದ್ದರಿಂದ ಗುಂಡಿಗೆ ಯಾವುದೋ ಒಂದು ಕಡೆಗೆ ತಿರುಗುವ ಚಲನೆ ಬಂದಿರುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿ ಪಕ್ಕಕ್ಕೆ ಸರಿಯುವುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಗುಂಡಿಗೂ ಆಗುವುದು ಅದೇ. ವ್ಯತ್ಯಾಸವೆಂದರೆ ಬೌಲರ್‌ಗೆ ಚೆಂಡು ಎತ್ತ ಸರಿಯುತ್ತದೆಂದು ಗೊತ್ತು, ಸೈನಿಕನಿಗೆ ಗೊತ್ತಿಲ್ಲ.

ಇದನ್ನು ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ತೋಪುವಿದ್ಯೆಯ ಬಗ್ಗೆ ಪುಸ್ತಕ ಬರೆದು ಹೆಸರಾದ ಅವರು ನಂತರ ಒಂದು ಮಸ್ಕೆಟ್‌ನ ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ, ಸಾಲಾಗಿ ನಿಲ್ಲಿಸಿದ ತೆಳು ಕಾಗದದ ಪರದೆಗಳ ಮೂಲಕ ಗುಂಡು ಹೊಡೆದರು. ಬಗ್ಗಿದ ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡು ಮೊದಲು ಎಡಕ್ಕೆ ಹೋಯಿತು, ಆಮೇಲೆ ಗಾಳಿಯಲ್ಲೇ ಬಲಕ್ಕೆ ಹೊರಳಿತು. ಕಾಗದದ ಮೇಲಿನ ತೂತುಗಳು ಆ ದಾರಿಯನ್ನು ತೋರಿಸಿದವು. ಇದೇ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಎಂಜಿನಿಯರ್ ಆಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು.

ರಾಬಿನ್ಸ್ ಹೇಳಿದ್ದು ಸೈನಿಕರ ಅನುಭವಕ್ಕೂ ಸರಿಹೊಂದುತ್ತಿತ್ತು. ಸೇನಾಧಿಕಾರಿ ಜಾರ್ಜ್ ಹ್ಯಾಂಗರ್ 1814ರಲ್ಲಿ ಬರೆದ ಪ್ರಕಾರ ಸಾಮಾನ್ಯ ಮಸ್ಕೆಟ್ 80 ಗಜ ದೂರದಲ್ಲಿ, ಹೆಚ್ಚೆಂದರೆ 100 ಗಜದಲ್ಲಿ ನಿಂತ ಮನುಷ್ಯನಿಗೆ ತಾಗಬಹುದು. 200 ಗಜದಲ್ಲಿ ನಿಂತವನಿಗೆ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಅವರ ಪ್ರಕಾರ ಒಂದೇ. ಸೈನಿಕರು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ. ಒಂದು ಗುಂಡನ್ನು ನಂಬುವಂತಿರಲಿಲ್ಲ, ನೂರು ಗುಂಡುಗಳನ್ನು ನಂಬಬಹುದಿತ್ತು.

ಹಾಗಾದರೆ ಈ ಸಂದನ್ನು ತುಂಬಲು ಏನೇನು ಮಾಡುತ್ತಿದ್ದರು? ಮುಖ್ಯವಾಗಿ ಐದು ವಿಧಾನಗಳಿದ್ದವು.

1. ಬಿಡಿ ಮದ್ದು, ಬಿಡಿ ಗುಂಡು, ಮೇಲೊಂದು ಬಿರಡೆ

ಅತ್ಯಂತ ಹಳೆಯ ವಿಧಾನ ಇದು. ಕೊಂಬು ಅಥವಾ ಬುರುಡೆಯಲ್ಲಿಟ್ಟ ಮದ್ದನ್ನು ಅಳತೆ ಮಾಡಿ ನಳಿಗೆಗೆ ಸುರಿಯುವುದು, ಗುಂಡು ಹಾಕುವುದು, ನಾರು, ಕಾಗದ, ಒಣಹುಲ್ಲು ಹೀಗೆ ಕೈಗೆ ಸಿಕ್ಕಿದ್ದನ್ನು ಉಂಡೆ ಮಾಡಿ ಮೇಲಿನಿಂದ ತುರುಕುವುದು. ಈ ಉಂಡೆ ಇಲ್ಲದಿದ್ದರೆ ಕೋವಿಯ ಬಾಯಿ ಕೆಳಗೆ ಮಾಡಿದ ಕೂಡಲೇ ಗುಂಡು ಉರುಳಿ ಬಿದ್ದುಹೋಗುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಇನ್ನೊಂದು ಉಂಡೆ ಇಟ್ಟರೆ ಅನಿಲ ಸೋರುವುದೂ ಕಡಿಮೆಯಾಗುತ್ತದೆ.

ತೊಂದರೆ ಇದ್ದದ್ದು ಅಳತೆಯಲ್ಲಿ. ಗಾಬರಿಯಲ್ಲಿ ಮದ್ದು ಹೆಚ್ಚು ಕಡಿಮೆಯಾಗುತ್ತಿತ್ತು. ಅದಕ್ಕೆಂದೇ 17ನೇ ಶತಮಾನದ ಯುರೋಪಿನ ಸೈನಿಕರು ಒಂದೊಂದು ಈಡಿಗೆ ಬೇಕಾದಷ್ಟೇ ಮದ್ದು ತುಂಬಿದ ಹನ್ನೆರಡರಷ್ಟು ಮರದ ಬುಡ್ಡಿಗಳನ್ನು ಎದೆಯ ಪಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದರು. ಜಪಾನಿನವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಬಂದ ಪೋರ್ಚುಗೀಸರಿಂದ ಬತ್ತಿ ಕೋವಿಯನ್ನು ಪಡೆದ ಅವರು, ಮದ್ದು ಮತ್ತು ಗುಂಡು ಎರಡನ್ನೂ ಒಂದೇ ಕೊಳವೆಯಲ್ಲಿ ತುಂಬಿಡುವ ‘ಹಯಾಗೊ’ ಎಂಬ ಉಪಾಯ ಕಂಡುಕೊಂಡರು. ಕೊಳವೆಯನ್ನು ನಳಿಗೆಯ ಬಾಯಿಗಿಟ್ಟು ಸುರಿದರೆ ಮೊದಲು ಮದ್ದು, ಹಿಂದೆಯೇ ಗುಂಡು.

2. ಕಾಗದದ ತೋಟಾ

ಸೇನೆಗಳು ಕೊನೆಗೆ ನೆಚ್ಚಿಕೊಂಡದ್ದು ಈ ವಿಧಾನವನ್ನು. ಕಡಲೆಕಾಯಿ ಕಟ್ಟಿಕೊಡುವ ಪೊಟ್ಟಣವನ್ನು ನೆನೆಸಿಕೊಳ್ಳಿ. ಅದೇ ಬಗೆಯ ಕಾಗದದ ಸಣ್ಣ ಕೊಳವೆಯಲ್ಲಿ ಕೆಳಗೆ ಗುಂಡು, ಮೇಲೆ ಒಂದು ಈಡಿನ ಮದ್ದು. ಬ್ರೌನ್ ಬೆಸ್ ಹಿಡಿದ ಸೈನಿಕನ ಕೆಲಸ ಹೀಗಿರುತ್ತಿತ್ತು.

ಚಕಮಕಿ ಕಲ್ಲು ಕಚ್ಚಿಕೊಂಡ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸುವುದು. ಚೀಲದಿಂದ ತೋಟಾ ತೆಗೆದು ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುವುದು. ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚುವುದು. ಕೋವಿಯ ಹಿಡಿಯನ್ನು ನೆಲಕ್ಕೂರಿ ಉಳಿದ ಮದ್ದನ್ನು ನಳಿಗೆಗೆ ಸುರಿಯುವುದು. ಗುಂಡನ್ನು ಕಾಗದದ ಸಮೇತ ಮೇಲಿನಿಂದ ತುರುಕುವುದು. ನಳಿಗೆಯ ಕೆಳಗಿರುವ ಸಲಾಕೆಯನ್ನು ಎಳೆದು ಗುಂಡನ್ನು ತಳದವರೆಗೆ ಒತ್ತುವುದು. ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸುವುದು. ಕುದುರೆಯನ್ನು ಪೂರ್ತಿ ಎಳೆದು ಗುರಿಯಿಟ್ಟು ಹೊಡೆಯುವುದು.

ಇಲ್ಲಿ ಕಾಗದ ಬರೀ ಹೊದಿಕೆಯಲ್ಲ. ಗುಂಡಿನ ಸುತ್ತ ಮುದ್ದೆಯಾಗಿ ಅದು ಸಂದನ್ನು ಒಂದಿಷ್ಟು ಮುಚ್ಚುತ್ತದೆ, ಗುಂಡು ಉರುಳದಂತೆ ಹಿಡಿಯುತ್ತದೆ. ಹಾಗಿದ್ದೂ ಬಿಗಿಯಾಗಿ ಕೂರುವುದಿಲ್ಲವಾದ್ದರಿಂದ ಸಲಾಕೆಗೆ ಹೆಚ್ಚು ಬಲ ಬೇಕಿಲ್ಲ. ಚೆನ್ನಾಗಿ ಪಳಗಿದ ಸೈನಿಕ ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲವನಾಗಿದ್ದ. ಮೊದಲು ಸಲಾಕೆಗಳು ಮರದವಾಗಿದ್ದು ಅವಸರದಲ್ಲಿ ಮುರಿಯುತ್ತಿದ್ದವು. 18ನೇ ಶತಮಾನದ ಮೊದಲರ್ಧದಲ್ಲಿ ಪ್ರಷ್ಯಾದ ಸೇನೆ ಕಬ್ಬಿಣದ ಸಲಾಕೆ ತಂದು ಉಳಿದವರಿಗಿಂತ ಬೇಗ ಗುಂಡು ಹಾರಿಸತೊಡಗಿತು. ಬೇರೆ ಸೇನೆಗಳೂ ಅದನ್ನೇ ಅನುಸರಿಸಿದವು.

ಹಲ್ಲಿನಿಂದ ಕಚ್ಚುವುದು ಏಕೆ? ಒಂದು ಕೈಯಲ್ಲಿ ಸುಮಾರು ನಾಲ್ಕೂವರೆ ಕಿಲೋ ತೂಕದ ಕೋವಿ, ಇನ್ನೊಂದು ಕೈಯಲ್ಲಿ ತೋಟಾ. ಹರಿಯಲು ಮೂರನೇ ಕೈ ಇಲ್ಲ. ಹೀಗೆ ಶುರುವಾದ ಸಣ್ಣ ಅಭ್ಯಾಸವೊಂದು ಮುಂದೆ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಕೆಳಗೆ ನೋಡೋಣ.

3. ಸಲಾಕೆ ಇಲ್ಲದೆ, ನೆಲಕ್ಕೆ ಕುಟ್ಟಿ

ಗುಂಡು ಸಡಿಲವಾಗಿದೆ ಎಂದಮೇಲೆ ಸಲಾಕೆ ಏಕೆ ಬೇಕು ಎಂದು ಯೋಚಿಸಿದವರೂ ಇದ್ದರು. ಮದ್ದು ಸುರಿದು, ಬರಿ ಗುಂಡನ್ನು ಹಾಗೇ ನಳಿಗೆಗೆ ಬಿಟ್ಟು, ಕೋವಿಯ ಹಿಡಿಯನ್ನು ನೆಲಕ್ಕೆ ಜೋರಾಗಿ ಕುಟ್ಟಿದರೆ ಗುಂಡು ತನ್ನ ಭಾರಕ್ಕೇ ಕೆಳಗೆ ಇಳಿಯುತ್ತದೆ. ಸಲಾಕೆ ಎಳೆದು, ಒತ್ತಿ, ಮತ್ತೆ ಇಡುವ ಸಮಯವೆಲ್ಲ ಉಳಿತಾಯ.

ವೇಗದ ದೃಷ್ಟಿಯಿಂದ ಇದನ್ನು ಮೀರಿದ್ದಿಲ್ಲ. ಅಪಾಯದ ದೃಷ್ಟಿಯಿಂದಲೂ ಅಷ್ಟೇ. ಮಸಿ ಹಿಡಿದ ನಳಿಗೆಯಲ್ಲಿ ಗುಂಡು ನಡುವೆಯೇ ನಿಂತಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ, ಸಿಡಿದ ಅನಿಲ ಆ ಜಾಗದಲ್ಲಿ ವೇಗ ಪಡೆದು ನಿಂತ ಗುಂಡಿಗೆ ಬಡಿಯುತ್ತದೆ. ಆ ಹೊಡೆತಕ್ಕೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಗುಂಡು ಮದ್ದಿನ ಮೇಲೆ ಒತ್ತಿ ಕೂತಿರಬೇಕು ಎನ್ನುವುದು ಬಾಯಿಂದ ತುಂಬುವ ಎಲ್ಲ ಕೋವಿಗಳ ಮೊದಲ ನಿಯಮ. ಅನುಭವಸ್ಥರು ಸಲಾಕೆಯ ಮೇಲೆ ಗೀರು ಹಾಕಿಟ್ಟುಕೊಂಡು, ಅದು ನಳಿಗೆಯಿಂದ ಎಷ್ಟು ಹೊರಗೆ ಉಳಿದಿದೆ ಎಂದು ನೋಡಿಯೇ ಒಳಗೇನಿದೆ ಎಂದು ತಿಳಿಯುತ್ತಿದ್ದರು.

4. ಜಿಡ್ಡು ಹಚ್ಚಿದ ಬಟ್ಟೆ

ಬೇಟೆಗಾರನ ಲೆಕ್ಕ ಸೈನಿಕನದ್ದಲ್ಲ. ಅವನ ಜೊತೆ ನೂರು ಜನ ಇರುವುದಿಲ್ಲ, ಎರಡನೇ ಅವಕಾಶವೂ ಸಿಗುವುದಿಲ್ಲ. ಹಾಗಾಗಿ ಅವನು ನಿಧಾನವನ್ನು ಒಪ್ಪಿಕೊಂಡು ಗುರಿಯನ್ನು ಆರಿಸಿಕೊಂಡ. ಜಿಡ್ಡು ಅಥವಾ ಎಣ್ಣೆ ಹಚ್ಚಿದ ಬಟ್ಟೆಯ ಸಣ್ಣ ಚೂರನ್ನು ನಳಿಗೆಯ ಬಾಯಿಯ ಮೇಲೆ ಹರಡಿ, ಅದರ ಮೇಲೆ ಗುಂಡನ್ನಿಟ್ಟು, ಎರಡನ್ನೂ ಸೇರಿಸಿ ಕೆಳಗೆ ಒತ್ತುವುದು ಈ ವಿಧಾನ. ತೆಳ್ಳನೆಯ ತೊಗಲನ್ನು ಬಳಸುವವರೂ ಇದ್ದರು.

ಬಟ್ಟೆ ಸಂದನ್ನು ಪೂರ್ತಿ ತುಂಬುತ್ತದೆ. ಗುಂಡು ನಳಿಗೆಯ ನಟ್ಟನಡುವೆ ಕೂರುತ್ತದೆ, ಆಚೀಚೆ ಬಡಿಯುವುದಿಲ್ಲ. ಜಿಡ್ಡು ಮಸಿಯನ್ನು ಮೆತ್ತಗಿಡುತ್ತದೆ, ಮುಂದಿನ ಈಡು ತುಂಬುವಾಗ ಬಟ್ಟೆಯೇ ನಳಿಗೆಯನ್ನು ಒರೆಸಿಕೊಂಡು ಇಳಿಯುತ್ತದೆ. ಇದು ಮೊದಲು ರೈಫಲ್‌ಗಳ ಪದ್ಧತಿ, ಆದರೆ ನುಣುಪು ನಳಿಗೆಗೂ ಒಗ್ಗಿತು. ಗೀರು ಇಲ್ಲದಿದ್ದರೂ ಬಟ್ಟೆ ಸುತ್ತಿದ ಗುಂಡು ಸಡಿಲ ಗುಂಡಿಗಿಂತ ಎಷ್ಟೋ ನಂಬಿಕಸ್ಥ.

ಕಷ್ಟವೆಂದರೆ ಒತ್ತಲು ಬಲ ಬೇಕು, ಸಮಯವೂ ಬೇಕು. 1800ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್‌ನಲ್ಲಿ ಬಿಗಿಯಾದ ಗುಂಡನ್ನು ಒಳಗೆ ಹೊಡೆಯಲು ಆರಂಭದಲ್ಲಿ ಮರದ ಸುತ್ತಿಗೆಯನ್ನೇ ಕೊಟ್ಟಿದ್ದರು. ಅದನ್ನು ಹೊತ್ತು ತಿರುಗುವುದು ಆಗದೆಂದು ನಂತರ ಕೈಬಿಟ್ಟರು. ಆ ರೈಫಲ್ ಹಿಡಿದವರೂ ಶತ್ರು ತೀರಾ ಹತ್ತಿರ ಬಂದಾಗ ಬಟ್ಟೆ ಬಿಟ್ಟು ಸಡಿಲ ಗುಂಡಿನ ಕಾಗದದ ತೋಟಾವನ್ನೇ ಬಳಸುತ್ತಿದ್ದರು.

5. ಒಂದು ದೊಡ್ಡ ಗುಂಡು, ಮೂರು ಸಣ್ಣ ಗುಂಡು

ಗುರಿ ಹೇಗೂ ಖಚಿತವಲ್ಲ, ಹಾಗಾದರೆ ಗುಂಡುಗಳನ್ನೇ ಹೆಚ್ಚು ಮಾಡೋಣ ಎಂದು ಹೊರಟವರು ಅಮೆರಿಕದವರು. 0.69 ಇಂಚಿನ ನಳಿಗೆಗೆ ಒಂದು ದೊಡ್ಡ ಗುಂಡು, ಅದರ ಮೇಲೆ ಮೂರು ಸಣ್ಣ ಗುಂಡುಗಳಿರುವ ಕಾಗದದ ತೋಟಾ ಅವರದ್ದು. ‘ಬಕ್ ಆ್ಯಂಡ್ ಬಾಲ್’ ಎಂದು ಇದಕ್ಕೆ ಹೆಸರು. ಜಾರ್ಜ್ ವಾಷಿಂಗ್ಟನ್ ಕಾಲದಿಂದ 1860ರ ದಶಕದ ಅಂತರ್ಯುದ್ಧದವರೆಗೂ ಇದು ಬಳಕೆಯಲ್ಲಿತ್ತು. ಹತ್ತಿರದ ಕಾದಾಟದಲ್ಲಿ ಭೀಕರ ಪರಿಣಾಮ ಬೀರುತ್ತಿದ್ದುದರಿಂದ, ರೈಫಲ್‌ಗಳು ಬಂದ ಮೇಲೂ ಕೆಲವು ಪಡೆಗಳು ನುಣುಪು ನಳಿಗೆಯ ಹಳೆಯ ಮಸ್ಕೆಟ್‌ಗಳನ್ನೇ ಇಟ್ಟುಕೊಂಡಿದ್ದವು.

ತುಂಬುವುದು ತಪ್ಪಿದರೆ?

ಪರೇಡ್ ಮೈದಾನದಲ್ಲಿ ನಿಮಿಷಕ್ಕೆ ಮೂರು ಸಲ ಹೊಡೆಯುವುದು ಬೇರೆ, ಪಕ್ಕದವನು ಸತ್ತು ಬಿದ್ದಾಗ ಹೊಡೆಯುವುದು ಬೇರೆ. 1863ರ ಜುಲೈನಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕದನ ಮುಗಿದ ಮೇಲೆ ಮೈದಾನದಿಂದ 27,574 ಕೋವಿಗಳನ್ನು ಸಂಗ್ರಹಿಸಲಾಯಿತು. ಅವುಗಳಲ್ಲಿ ಸುಮಾರು 24,000 ಕೋವಿಗಳು ತುಂಬಿಯೇ ಇದ್ದವು. ಸುಮಾರು ಅರ್ಧದಷ್ಟರಲ್ಲಿ ಒಂದರ ಮೇಲೆ ಒಂದರಂತೆ ಎರಡು ಈಡುಗಳಿದ್ದವು. ಇನ್ನೂ ಸಾವಿರಾರು ಕೋವಿಗಳಲ್ಲಿ ಮೂರರಿಂದ ಹತ್ತು ಈಡುಗಳಿದ್ದವು. ನುಣುಪು ನಳಿಗೆಯ ಒಂದು ಮಸ್ಕೆಟ್‌ನಲ್ಲಂತೂ 22 ಗುಂಡು, 62 ಸಣ್ಣ ಗುಂಡು ಮತ್ತು ಅವಕ್ಕೆ ತಕ್ಕ ಮದ್ದು ಎಲ್ಲ ಕಲಸಿಕೊಂಡು ಕೂತಿತ್ತು.

ಆ ಕೋವಿಯನ್ನು ಹಿಡಿದವನ ಸ್ಥಿತಿ ಊಹಿಸಿ. ಸುತ್ತ ಸಾವಿರಾರು ಕೋವಿಗಳ ಸದ್ದು, ಕಣ್ಣು ಕಾಣದಷ್ಟು ಹೊಗೆ. ತನ್ನ ಕೋವಿ ಹಾರಿತೋ ಇಲ್ಲವೋ ತಿಳಿಯದು. ಕೈಗೆ ಕಲಿಸಿದ ಕೆಲಸವನ್ನು ಕೈ ಮಾಡುತ್ತಲೇ ಹೋಗಿದೆ. ಹಿಂದಿನಿಂದ ತೆರೆಯುವ ಕೋವಿಯಾದರೆ ಒಳಗೆ ತೋಟಾ ಇದೆಯೇ ಎಂದು ಕಣ್ಣಿಂದ ನೋಡಬಹುದು. ಬಾಯಿಂದ ತುಂಬುವ ಕೋವಿಯೊಳಗೆ ಏನಿದೆ ಎಂಬುದು ನೆನಪಿಗೆ ಬಿಟ್ಟ ವಿಷಯ.

ನಮ್ಮಲ್ಲಿ ಕನ್ನಡಕ್ಕೂ ಬಂದು ಮನೆಮಾತಾದ ಬೇಟೆಯ ಕಥೆಗಳ ಜಿಮ್ ಕಾರ್ಬೆಟ್ ಬಾಲ್ಯದಲ್ಲಿ ಕೈಗೆತ್ತಿಕೊಂಡದ್ದು ಬಾಯಿಂದ ತುಂಬುವ ಜೋಡಿ ನಳಿಗೆಯ ಹಳೆಯ ಕೋವಿ. ಮದ್ದು ಅತಿಯಾಗಿ ಅದರ ಒಂದು ನಳಿಗೆ ಮೊದಲೇ ಸೀಳಿಹೋಗಿತ್ತು. ಹಿಡಿಯೂ ಮುರಿದು, ಹಿತ್ತಾಳೆ ತಂತಿ ಸುತ್ತಿ ಕಟ್ಟಲಾಗಿತ್ತು. ಸರಿಯಿದ್ದ ಇನ್ನೊಂದು ನಳಿಗೆಯಲ್ಲೇ ಆ ಹುಡುಗ ಕಾಡು ಸುತ್ತಿದ.

ಹಲ್ಲಿನಿಂದ ಕಚ್ಚಿದ ಕಾಗದ ಮತ್ತು 1857

ಈಗ ಮತ್ತೆ ಆ ಸಂದಿಗೆ ಬರೋಣ. ಬ್ರೌನ್ ಬೆಸ್‌ನಲ್ಲಿ ಗುಂಡು ಸಡಿಲವಿದ್ದುದರಿಂದ ಜಾರಿಸಲು ಜಿಡ್ಡು ಬೇಕಿರಲಿಲ್ಲ, ಒಣ ಕಾಗದ ಸಾಕಾಗುತ್ತಿತ್ತು. ಕಂಪನಿಯ ಭಾರತೀಯ ಸಿಪಾಯಿಗಳು ತಲೆಮಾರುಗಳ ಕಾಲ ಆ ಕಾಗದವನ್ನು ಹಲ್ಲಿನಿಂದಲೇ ಕಚ್ಚಿ ಹರಿಯುತ್ತಿದ್ದರು. ಯಾರೂ ತಕರಾರು ಮಾಡಿರಲಿಲ್ಲ.

1850ರ ದಶಕದಲ್ಲಿ ಎನ್‌ಫೀಲ್ಡ್ ರೈಫಲ್ ಬಂತು. ಅದೂ ಬಾಯಿಂದ ತುಂಬುವುದೇ, ಆದರೆ ನಳಿಗೆಯಲ್ಲಿ ಗೀರುಗಳಿದ್ದವು, ಗುಂಡು ಉದ್ದನೆಯದಾಗಿತ್ತು, ಸಂದು ತೀರಾ ಕಡಿಮೆ. ಸಂದು ಕಡಿಮೆಯಾದ ಕೂಡಲೇ ಜಿಡ್ಡು ಬೇಕಾಯಿತು. ಗುಂಡಿರುವ ತುದಿಯ ಕಾಗದಕ್ಕೆ ಕೊಬ್ಬು ಸವರಲಾಯಿತು. ಕಚ್ಚುವ ಪದ್ಧತಿ ಮಾತ್ರ ಹಳೆಯ ಮಸ್ಕೆಟ್‌ನದ್ದೇ ಮುಂದುವರಿಯಿತು. ಆ ಕೊಬ್ಬು ಹಸು ಮತ್ತು ಹಂದಿಯದ್ದು ಎಂಬ ಸುದ್ದಿ ಹಬ್ಬಿದಾಗ ಹಿಂದೂ, ಮುಸ್ಲಿಂ ಸಿಪಾಯಿಗಳಿಬ್ಬರಿಗೂ ಅದು ಬಾಯಿಗಿಡಲಾಗದ ವಸ್ತುವಾಯಿತು.

ಹಲ್ಲಿನ ಬದಲು ಕೈಯಿಂದ ಹರಿಯಬಹುದು ಎಂದು ಅಧಿಕಾರಿಗಳು ಕವಾಯತನ್ನೇ ಬದಲಿಸಿದರು. ಆದರೆ ಅಷ್ಟರಲ್ಲಿ ನಂಬಿಕೆ ಹೋಗಿತ್ತು. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಕೋವಿ ಎತ್ತಿದ. ಏಪ್ರಿಲ್ 24ರಂದು ಮೀರತ್‌ನ ಪರೇಡ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ನಿರಾಕರಿಸಿದರು. ಮೇ 10ರಂದು ಮೀರತ್ ಹೊತ್ತಿ ಉರಿಯಿತು. ದಂಗೆಗೆ ರಾಜಕೀಯ, ಆರ್ಥಿಕ ಕಾರಣಗಳು ಅನೇಕ. ಆದರೆ ಕಿಡಿ ಬಿದ್ದದ್ದು ಗುಂಡು ಮತ್ತು ನಳಿಗೆಯ ನಡುವಿನ ಕಾಗದಕ್ಕೆ.

ಅದರ ಬಿಸಿ ಕರ್ನಾಟಕಕ್ಕೂ ತಟ್ಟಿತು. ದಂಗೆಗೆ ಹೆದರಿದ ಬ್ರಿಟಿಷರು ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಅದನ್ನು ಒಪ್ಪದೆ ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರ ನವೆಂಬರ್‌ನಲ್ಲಿ ತಿರುಗಿಬಿದ್ದರು. ಬ್ರಿಟಿಷ್ ಪಡೆ ಊರಿಗೆ ಬೆಂಕಿಯಿಟ್ಟು ಅವರನ್ನು ಬಗ್ಗುಬಡಿಯಿತು. ಲಾವಣಿಗಳಲ್ಲಿ ಆ ಕಥೆ ಇಂದಿಗೂ ಉಳಿದಿದೆ. ಕೊಡಗಿನ ವಿಷಯದಲ್ಲಿ ಮಾತ್ರ ಬೇರೆ ನಿಲುವು. 1861ರಲ್ಲಿ ಕೊಡವರಿಗೆ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಉಳಿದವರೆಲ್ಲ ಬಾಯಿಂದ ತುಂಬುವ ಹಳೆಯ ಕೋವಿಗೂ ಪರವಾನಗಿ ಪಡೆಯಲೇಬೇಕು.

ಈಗಲೂ ಯಾರಾದರೂ ಹೀಗೆ ತುಂಬುತ್ತಾರೆಯೇ?

ಹೌದು. ಬಾಯಿಂದ ತುಂಬುವ ಕೋವಿಗಳಿಗೆಂದೇ ಅಂತಾರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತವೆ. ‘ಎಂಎಲ್‌ಎಐಸಿ’ ಎಂಬ ಅಂತಾರಾಷ್ಟ್ರೀಯ ಸಮಿತಿ ನಡೆಸುವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನುಣುಪು ನಳಿಗೆಯ ಕೋವಿಗಳಿಗೆ 50 ಮೀಟರ್ ದೂರದ ವಿಭಾಗಗಳಿವೆ. ಬತ್ತಿ ಕೋವಿಯ ಒಂದು ವಿಭಾಗಕ್ಕೆ ಆ ಜಪಾನಿ ದ್ವೀಪದ ನೆನಪಿಗೆ ‘ತಾನೆಗಾಶಿಮಾ’ ಎಂದೇ ಹೆಸರು. ಅಲ್ಲಿ 13 ಈಡು ಹೊಡೆಯಲು 30 ನಿಮಿಷ ಕೊಡುತ್ತಾರೆ, ಉತ್ತಮವಾದ 10 ಲೆಕ್ಕಕ್ಕೆ.

ನಿಮಿಷಕ್ಕೆ ಮೂರು ಈಡಿನ ಸೈನಿಕನಿಗೆ ಹೋಲಿಸಿದರೆ ಇದು ಬೇರೆಯದೇ ಲೋಕ. ಇಲ್ಲಿ ಯಾರೂ ಎದುರಿನಿಂದ ಓಡಿಬರುತ್ತಿಲ್ಲ. ಸ್ಪರ್ಧಿ ಮದ್ದನ್ನು ಅಳೆದು, ಗುಂಡಿಗೆ ಬಟ್ಟೆ ಸುತ್ತಿ, ಸಲಾಕೆಯ ಗೀರು ನೋಡಿ, ನಿಧಾನವಾಗಿ ಗುರಿಯಿಡುತ್ತಾನೆ. ಚಂದ್ರನಿಗೆ ಹೊಡೆದಂತೆ ಎಂದು ಹ್ಯಾಂಗರ್ ಬೈದಿದ್ದ ಅದೇ ಬಗೆಯ ಕೋವಿ, ಪುರುಸೊತ್ತು ಸಿಕ್ಕಿದರೆ 50 ಮೀಟರ್ ದೂರದ ಗುರಿಫಲಕದ ನಡುವಿಗೇ ಗುಂಡು ಕಳಿಸಬಲ್ಲದು.

ಅಂದರೆ ತಪ್ಪು ಪೂರ್ತಿಯಾಗಿ ಕೋವಿಯದ್ದಾಗಿರಲಿಲ್ಲ. ಸಂದು ಬಿಟ್ಟರೆ ವೇಗ ಸಿಗುತ್ತದೆ, ಗುರಿ ಹೋಗುತ್ತದೆ. ಸಂದು ತುಂಬಿದರೆ ಗುರಿ ಸಿಗುತ್ತದೆ, ಸಮಯ ಹೋಗುತ್ತದೆ. ಅವಸರದಲ್ಲಿ ಗುಂಡು ತಳ ಮುಟ್ಟದಿದ್ದರೆ ಕೋವಿ ಹಿಡಿದವನ ಕೈಯೇ ಹೋಗುತ್ತದೆ. ಸೇನೆಯ ಮೇಲಧಿಕಾರಿಗಳು ವೇಗವನ್ನು ಆರಿಸಿಕೊಂಡರು. ಅದರ ಬೆಲೆ ತೆತ್ತವರು ಸಾಲಿನಲ್ಲಿ ನಿಂತ ಸೈನಿಕರು.

ಊರಿನ ಮನೆಯಲ್ಲಿ ಅಜ್ಜನ ಕೋವಿ ಇನ್ನೂ ಇದ್ದರೆ, ನೋಡಲೆಂದು ಕೈಗೆತ್ತಿಕೊಳ್ಳುವ ಮುನ್ನ ಒಂದು ಮಾತು ನೆನಪಿರಲಿ. ಗೆಟ್ಟಿಸ್‌ಬರ್ಗ್‌ನ ಆ 24,000 ಕೋವಿಗಳೂ ಹೊರಗಿನಿಂದ ನೋಡಲು ಖಾಲಿಯಂತೆಯೇ ಕಾಣುತ್ತಿದ್ದವು. ಬಾಯಿಂದ ತುಂಬಿದ ಕೋವಿ ಒಳಗೇನಿದೆ ಎಂದು ಹೇಳುವುದಿಲ್ಲ. ಪರವಾನಗಿ ಸರಿಯಿದೆಯೇ ಎಂದು ನೋಡಿಸಿ, ಒಳಗೆ ಈಡು ಉಳಿದಿದೆಯೇ ಎಂಬುದನ್ನು ಬಲ್ಲವರಿಂದಲೇ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅದು ಗೂಟದ ಮೇಲೇ ಇರಲಿ.